ಪಟ್ಟಣದಿಂದ ಬಲಂ ಗಡಿಯವರೆಗೆ: ಚಿಕ್ಕದೇವರಾಜ ಒಡೆಯರು ಮತ್ತು ಹಾಸನ ಸೀಮೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಮತ್ತು ಚಂದ್ರಗಿರಿ ಬೆಟ್ಟಗಳ ನಡುವೆ ಕಲ್ಲುಮೆಟ್ಟಿಲುಗಳ ವಿಶಾಲವಾದ ಕಲ್ಯಾಣಿಯೊಂದಿದೆ. ಊರಿಗೆ ಬೆಳಗೊಳ ಎಂಬ ಹೆಸರು ಬರಲು ಕಾರಣವಾದ ಬಿಳಿಯ ಕೊಳ ಇದೇ ಎಂಬುದು ಸ್ಥಳೀಯರ ನಂಬಿಕೆ. ಗೊಮ್ಮಟನ ದರ್ಶನಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ಈ ಕೊಳವನ್ನು ನೋಡಿಯೇ ಬೆಟ್ಟ ಹತ್ತುತ್ತಾರೆ. ಆದರೆ ಇದಕ್ಕೆ ಕಲ್ಲು ಕಟ್ಟಿಸುವ ಕಾರ್ಯವನ್ನು ಆರಂಭಿಸಿದವರು ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು ಎಂಬ ಸಂಗತಿ ಅವರಲ್ಲಿ ಅನೇಕರಿಗೆ ತಿಳಿದಿರಲಾರದು.

ಟಂಕಸಾಲೆಯ ಅಧಿಕಾರಿಯಾಗಿದ್ದ ಅಣ್ಣಯ್ಯನ ಮೂಲಕ ಈ ಕಾರ್ಯ ಆರಂಭವಾಯಿತೆಂದೂ, ಅದು ಮುಗಿಯುವ ಮುನ್ನವೇ ದೊರೆ ತೀರಿಕೊಂಡರೆಂದೂ, ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಲಸ ಪೂರ್ಣಗೊಂಡಿತೆಂದೂ ಅನಂತಕವಿಯ ಗೊಮ್ಮಟೇಶ್ವರ ಚರಿತೆಯಿಂದ ತಿಳಿದುಬರುತ್ತದೆ. ಚಿಕ್ಕದೇವರಾಜರು ಹುಟ್ಟುವುದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೆ ಬೆಳಗೊಳವಾಗಲಿ, ಚನ್ನರಾಯಪಟ್ಟಣವಾಗಲಿ ಮೈಸೂರಿಗೆ ಸೇರಿರಲಿಲ್ಲ. ಅವರು ಕಣ್ಮುಚ್ಚುವ ಹೊತ್ತಿಗೆ ಹೊಳೆನರಸೀಪುರ, ಅರಕಲಗೂಡು ಮತ್ತು ಹಾಸನಗಳೂ ಮೈಸೂರಿನ ಲೆಕ್ಕದ ಕಡತ ಸೇರಿದ್ದವು. ಒಂದು ಸಣ್ಣ ನದೀದ್ವೀಪದ ರಾಜ್ಯ ಪಶ್ಚಿಮಕ್ಕೂ ವಾಯವ್ಯಕ್ಕೂ ಏಕೆ ಚಾಚಿಕೊಂಡಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಈ ದೊರೆಯ ಬಾಳಿನಲ್ಲಿ ಸ್ಪಷ್ಟವಾಗಿ ಕಾಣಬಹುದು.

ನಾಯಕರ ಸೀಮೆ

1565ರಲ್ಲಿ ವಿಜಯನಗರದ ಬಲ ಮುರಿದ ಮೇಲೆ ದಕ್ಷಿಣ ಕರ್ನಾಟಕದಲ್ಲಿ ಒಬ್ಬನೇ ಒಡೆಯನೆಂಬುದು ಉಳಿಯಲಿಲ್ಲ. ಸಾಮ್ರಾಜ್ಯದ ಪರವಾಗಿ ಸೀಮೆಗಳನ್ನು ನೋಡಿಕೊಳ್ಳುತ್ತಿದ್ದ ನಾಯಕರು ತಮ್ಮ ತಮ್ಮ ಕೋಟೆಗಳಲ್ಲಿ ಸ್ವತಂತ್ರರಾದರು. ಇಂದಿನ ಹಾಸನ ಜಿಲ್ಲೆಯ ಪ್ರದೇಶ ಇಂತಹ ಹಲವು ಮನೆತನಗಳ ನಡುವೆ ಹಂಚಿಹೋಗಿತ್ತು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಒಂದು ನಾಯಕ ಮನೆತನವಿತ್ತು. ಮಲೆನಾಡಿನ ಅಂಚಿನಲ್ಲಿ ಐಗೂರಿನ ಪಾಳೆಯಗಾರರು ಬಲಂ ಸೀಮೆಯನ್ನು ಆಳುತ್ತಿದ್ದರು. ಅದೇ ಐಗೂರು ಮನೆತನಕ್ಕೆ ಸೇರಿದ ಕೃಷ್ಣಪ್ಪ ನಾಯಕ ಹದಿನಾರನೆಯ ಶತಮಾನದಲ್ಲಿ ಅರಕಲಗೂಡಿನ ಕೋಟೆ ಕಟ್ಟಿಸಿದನೆಂದು ಹೇಳಲಾಗುತ್ತದೆ.

ಚನ್ನರಾಯಪಟ್ಟಣದ ಹಿಂದಿನ ಹೆಸರು ಕೊಳತೂರು. ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಈ ಊರನ್ನು ತನ್ನ ಮಗನಿಗೆ ಕೊಟ್ಟನೆಂದೂ, ದೇವರ ಹೆಸರನ್ನೇ ಹೊತ್ತಿದ್ದ ಆ ಮಗ ಚನ್ನರಾಯನಿಂದ ಊರಿಗೆ ಹೊಸ ಹೆಸರು ಬಂದಿತೆಂದೂ ಸ್ಥಳೀಯ ಇತಿಹಾಸ ತಿಳಿಸುತ್ತದೆ. ಹೀಗೆ ಊರಿಗೊಂದು ಕೋಟೆ, ಕೋಟೆಗೊಬ್ಬ ನಾಯಕ ಎಂಬಂತಿದ್ದ ಕಾಲವದು. ರೈತನು ಬೆಳೆದುದರಲ್ಲಿ ಪಾಲು ಪಡೆಯುತ್ತಿದ್ದವನು ಕೂಗಳತೆಯ ದೂರದ ಕೋಟೆಯಲ್ಲಿಯೇ ಇರುತ್ತಿದ್ದನು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿಯವರೆಗೆ ಮೈಸೂರು ಕೆಲವೇ ಹಳ್ಳಿಗಳ ಸಣ್ಣ ಪಾಳೆಯಪಟ್ಟಾಗಿತ್ತು. ಕಾವೇರಿಯ ದ್ವೀಪದಲ್ಲಿ ಸಿಂಹಾಸನ ಸ್ಥಾಪಿಸಿದ ಮೇಲೆ ಅದರ ದೃಷ್ಟಿ ಸಹಜವಾಗಿ ನದಿಯ ಮೇಲ್ಭಾಗಕ್ಕೆ ಹರಿಯಿತು. ಕಾವೇರಿ ಅರಕಲಗೂಡು ಸೀಮೆಯ ರಾಮನಾಥಪುರವನ್ನು ಮುಟ್ಟಿ ಬರುತ್ತದೆ. ಹೇಮಾವತಿ ಹೊಳೆನರಸೀಪುರವನ್ನು ಬಳಸಿ ಬಂದು ಕಾವೇರಿಯನ್ನು ಕೂಡುತ್ತದೆ. ಪಟ್ಟಣವನ್ನು ಮುತ್ತಬಯಸುವ ಶತ್ರುವಿಗೆ ಈ ಎರಡು ನದಿಗಳ ಬಯಲೇ ಹೆದ್ದಾರಿ. ಭತ್ತದ ಗದ್ದೆಗಳಿದ್ದುದೂ ಇಲ್ಲಿಯೇ, ಘಟ್ಟದ ಕೆಳಗಿನ ರೇವುಗಳಿಗೆ ಹೋಗುವ ದಾರಿಗಳು ಹಾದುಹೋಗುತ್ತಿದ್ದುದೂ ಇಲ್ಲಿಯೇ.

ವಿಸ್ತರಣೆಯ ಮೊದಲ ಹೆಜ್ಜೆ ಚನ್ನರಾಯಪಟ್ಟಣದ ಮೇಲೆ ಬಿತ್ತು. 1617ರಿಂದ 1637ರವರೆಗೆ ಆಳಿದ ಚಾಮರಾಜ ಒಡೆಯರು 1630ರ ದಶಕದಲ್ಲಿ ಆ ಕೋಟೆಯನ್ನು ಗೆದ್ದರು. 1634ರಲ್ಲಿ ಅವರು ಶ್ರವಣಬೆಳಗೊಳದ ದೇವಾಲಯಗಳ ಒತ್ತೆಬಿದ್ದಿದ್ದ ಭೂಮಿಗಳನ್ನು ಸಾಲಗಾರರಿಂದ ಬಿಡಿಸಿಕೊಟ್ಟುದನ್ನು ಅಲ್ಲಿನ ಶಾಸನಗಳು ದಾಖಲಿಸಿವೆ. ಗೆದ್ದ ನಾಡಿನಲ್ಲಿ ಹಳೆಯ ದೇವಸ್ವವನ್ನು ಕಾಪಾಡುವವನೇ ಹೊಸ ಒಡೆಯನೆಂದು ಜನರಿಗೆ ತೋರಿಸಿಕೊಡುವ ಈ ಕ್ರಮವನ್ನು ಅವರ ನಂತರದವರೂ ಬಿಡಲಿಲ್ಲ.

ಹಂಗಳದ ದಿನಗಳು

ಚಿಕ್ಕದೇವರಾಜರು 1645ರಲ್ಲಿ ಜನಿಸಿದರು. ಆಗ ರಾಜ್ಯವಾಳುತ್ತಿದ್ದವರು ಬಿಜಾಪುರದ ಸೇನಾನಿ ರಣದುಲ್ಲಾ ಖಾನನನ್ನು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿಸಿದ ರಣಧೀರ ಕಂಠೀರವ ನರಸರಾಜ ಒಡೆಯರು. 1659ರಲ್ಲಿ ಅವರು ತೀರಿಕೊಂಡಾಗ ಪಟ್ಟ ದೊಡ್ಡದೇವರಾಜ ಒಡೆಯರಿಗೆ ಹೋಯಿತು. ತಾರುಣ್ಯದಲ್ಲಿದ್ದ ಚಿಕ್ಕದೇವರಾಜರನ್ನು ರಾಜಧಾನಿಯಿಂದ ದೂರ, ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಇರಿಸಲಾಯಿತು. ಸಿಂಹಾಸನದ ಮೇಲೆ ಹಕ್ಕಿರುವ ಯುವಕನನ್ನು ಕಣ್ಗಾವಲಿನಲ್ಲಿಡುವುದು ಆ ಕಾಲದ ರಾಜನೀತಿಯಾಗಿತ್ತು.

ಹಂಗಳದ ವಾಸ ಮುಂದಿನ ಆಳ್ವಿಕೆಗೆ ಪಾಠಶಾಲೆಯಾಯಿತು. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಅಲ್ಲಿ ಅವರ ಜೊತೆಗಿದ್ದನು. ಶ್ರೀವೈಷ್ಣವ ವಿದ್ವಾಂಸ ಅಳಸಿಂಗರಾರ್ಯರ ಮಗ ತಿರುಮಲಾರ್ಯ ಬಾಲ್ಯದ ಗೆಳೆಯ. ಅರಮನೆಯ ಸಡಗರದಿಂದ ದೂರವಿದ್ದ ಯುವಕನಿಗೆ ಓದು, ಚರ್ಚೆ ಮತ್ತು ಮುಂದಿನ ದಿನಗಳ ಲೆಕ್ಕಾಚಾರಕ್ಕೆ ಬೇಕಾದಷ್ಟು ಕಾಲಾವಕಾಶ ದೊರೆಯಿತು.

ಅವರು ಹಂಗಳದಲ್ಲಿದ್ದಾಗಲೂ ಹಾಸನ ಸೀಮೆ ಶಾಂತವಾಗಿರಲಿಲ್ಲ. ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ವಿಜಯನಗರದ ಕೊನೆಯ ಅರಸರಲ್ಲೊಬ್ಬನಾದ ಶ್ರೀರಂಗರಾಯನಿಗೆ ಕೆಳದಿಯ ಶಿವಪ್ಪ ನಾಯಕ ಬೇಲೂರಿನಲ್ಲಿ ನೆಲೆ ಕಲ್ಪಿಸಿದ್ದನು. ಆತನ ಪಕ್ಷ ವಹಿಸಿ 1659ರಲ್ಲಿ ಶಿವಪ್ಪ ನಾಯಕ ಶ್ರೀರಂಗಪಟ್ಟಣವನ್ನೇ ಮುತ್ತಿದನು. ಮುತ್ತಿಗೆ ವಿಫಲವಾಯಿತು. ಮರುವರ್ಷ ಶಿವಪ್ಪ ನಾಯಕ ತೀರಿಕೊಂಡನು. ಆದರೆ ಹಾಸನ, ಬೇಲೂರುಗಳ ದಾರಿಯಿಂದ ಬರುವ ಪಡೆ ರಾಜಧಾನಿಯ ಬಾಗಿಲು ತಟ್ಟಬಲ್ಲದೆಂಬ ಪಾಠವನ್ನು ಮೈಸೂರು ಮರೆಯಲಿಲ್ಲ. ಮೈಸೂರಿನ ಪಡೆಗಳು ಹಾಸನದತ್ತ ನುಗ್ಗಿದವು. 1667ರಲ್ಲಿ ಹೊಳೆನರಸೀಪುರ ಮೈಸೂರಿನ ವಶವಾಯಿತು. ಹಾಸನ ಮಾತ್ರ ಕೆಲಕಾಲ ಮೈಸೂರು ಮತ್ತು ಕೆಳದಿಗಳ ನಡುವೆ ಕೈಯಿಂದ ಕೈಗೆ ಬದಲಾಗುತ್ತಲೇ ಇತ್ತು.

ಐವರು ಮಂತ್ರಿಗಳು

1673ರಲ್ಲಿ ದೊಡ್ಡದೇವರಾಜ ಒಡೆಯರ ಮರಣಾನಂತರ ಚಿಕ್ಕದೇವರಾಜರು ಪಟ್ಟವೇರಿದರು. ಅವರಿಗಾಗ 27 ವರ್ಷ. ಹಂಗಳದ ಸಂಗಾತಿ ವಿಶಾಲಾಕ್ಷ ಪಂಡಿತ ಪ್ರಧಾನಿಯಾದನು. ತಿರುಮಲಾರ್ಯ, ಷಡಕ್ಷರಯ್ಯ, ಚಿಕುಪಾಧ್ಯಾಯ ಮತ್ತು ಕರಣಿಕ ಲಿಂಗಣ್ಣಯ್ಯ ಇನ್ನುಳಿದ ಮಂತ್ರಿಗಳು. ಜೈನ, ಶ್ರೀವೈಷ್ಣವ, ವೀರಶೈವ ಮತಗಳಿಗೆ ಸೇರಿದವರು ಒಂದೇ ಮಂತ್ರಾಲೋಚನಾ ಸಭೆಯಲ್ಲಿ ಕುಳಿತಿದ್ದುದು ಈ ಆಳ್ವಿಕೆಯ ಆರಂಭದ ಗಮನಾರ್ಹ ಸಂಗತಿ.

1677ರಲ್ಲಿ ವಿಶಾಲಾಕ್ಷ ಪಂಡಿತ ತನ್ನ ಸ್ವಂತ ವೆಚ್ಚದಲ್ಲಿ ಶ್ರವಣಬೆಳಗೊಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನೆರವೇರಿಸಿದನೆಂದು ಅನಂತಕವಿ ಹೇಳುತ್ತಾನೆ. ಚನ್ನರಾಯಪಟ್ಟಣದ ಸೀಮೆ ಮೈಸೂರಿಗೆ ಸೇರಿ ಆಗಿನ್ನೂ ಅರ್ಧ ಶತಮಾನವೂ ಆಗಿರಲಿಲ್ಲ. ಹೊಸ ರಾಜ್ಯದ ಪ್ರಧಾನಿಯೇ ಆ ನೆಲದ ಅತಿ ದೊಡ್ಡ ಧಾರ್ಮಿಕ ಉತ್ಸವದ ಯಜಮಾನನಾದುದು ಕೇವಲ ಭಕ್ತಿಯ ವಿಷಯವಾಗಿ ಉಳಿಯಲಿಲ್ಲ. ಗೆದ್ದ ಸೀಮೆಗೂ ರಾಜಧಾನಿಗೂ ನಡುವೆ ಅದೊಂದು ಬೆಸುಗೆಯಾಯಿತು.

ದಕ್ಷಿಣದ ಆಗುಹೋಗುಗಳು ಆಗ ಅತ್ಯಂತ ಅನಿಶ್ಚಿತವಾಗಿದ್ದವು. 1677ರಲ್ಲಿ ಶಿವಾಜಿ ಕರ್ನಾಟಕದತ್ತ ದಂಡೆತ್ತಿ ಬಂದನು. 1681ರಿಂದ ಮೊಗಲ್ ಚಕ್ರವರ್ತಿ ಔರಂಗಜೇಬ್ ದಖ್ಖನ್ನಿನಲ್ಲೇ ಬೀಡುಬಿಟ್ಟನು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಅವನ ವಶವಾದವು. ದೊಡ್ಡ ರಾಜ್ಯಗಳೇ ಉರುಳುತ್ತಿದ್ದಾಗ ಸಣ್ಣ ರಾಜ್ಯಕ್ಕೆ ಎರಡೇ ದಾರಿ: ಯಾರಿಗಾದರೂ ಕಪ್ಪ ಕೊಟ್ಟು ಬದುಕುವುದು, ಇಲ್ಲವೇ ನೆರೆಯ ಪಾಳೆಯಪಟ್ಟುಗಳನ್ನು ಸೇರಿಸಿಕೊಂಡು ತಾನೇ ದೊಡ್ಡದಾಗುವುದು. ಚಿಕ್ಕದೇವರಾಜರು ಎರಡನೆಯ ದಾರಿ ಹಿಡಿದರು. ಮೊದಲನೆಯದನ್ನೂ ಸಂಪೂರ್ಣವಾಗಿ ಕೈಬಿಡಲಿಲ್ಲ. ಮೊಗಲರೊಡನೆ ಕಾದಾಡದೆ, ಅವರ ಸ್ನೇಹವನ್ನು ಉಳಿಸಿಕೊಂಡೇ ತಮ್ಮ ಗಡಿಗಳನ್ನು ಬೆಳೆಸಿದರು.

ಮರಕ್ಕೆ ತೂಗಿದ ನೇಗಿಲು

ಸೈನ್ಯಕ್ಕೆ ಹಣ ಬೇಕು. ಆ ಹಣ ಬರಬೇಕಾದುದು ಹೊಲದಿಂದ. ಬೆಳೆಯಲ್ಲಿ ಆರನೆಯ ಒಂದು ಪಾಲು ರಾಜನದೆಂಬುದು ಶಾಸ್ತ್ರದ ಮಾತಾಗಿತ್ತು. ಆ ಪ್ರಮಾಣವನ್ನು ಬಹಿರಂಗವಾಗಿ ಏರಿಸುವ ಬದಲು ಹಲವು ಬಗೆಯ ಚಿಲ್ಲರೆ ತೆರಿಗೆಗಳನ್ನು ಹೊಸದಾಗಿ ವಿಧಿಸಲಾಯಿತು. ಒಂದೊಂದೂ ಸಣ್ಣದಾಗಿ ಕಂಡರೂ ಎಲ್ಲವನ್ನೂ ಕೂಡಿಸಿದಾಗ ರೈತನ ಹೊರೆ ಬಹಳ ಹೆಚ್ಚಿತು. ಜನ ಈ ಉಪಾಯವನ್ನು ಅರ್ಥಮಾಡಿಕೊಳ್ಳಲು ತಡವಾಗಲಿಲ್ಲ.

ಹಳ್ಳಿಗಳಲ್ಲಿ ಅಸಮಾಧಾನ ಭುಗಿಲೆದ್ದಿತು. ರೈತರು ನೇಗಿಲುಗಳನ್ನು ತಲೆಕೆಳಗಾಗಿ ಊರಬಾಗಿಲಿನ ಮರಕ್ಕೆ ನೇತುಹಾಕಿ, ಇನ್ನು ಉಳುವುದಿಲ್ಲವೆಂದು ಸಾರಿದರು. ಆಯುಧವಿಲ್ಲದವರ ಪ್ರತಿಭಟನೆ ಅದು. ಉತ್ತವನಿಲ್ಲದಿದ್ದರೆ ಖಜಾನೆಯೂ ಇಲ್ಲ ಎಂಬುದನ್ನು ಅರಮನೆಗೆ ನೆನಪಿಸಲು ಅದಕ್ಕಿಂತ ಸ್ಪಷ್ಟವಾದ ಭಾಷೆ ಬೇರೊಂದಿರಲಿಲ್ಲ. ಹಳ್ಳಿಗಳಲ್ಲಿ ಗೌರವ ಪಡೆದಿದ್ದ ಜಂಗಮರು ಈ ಚಳವಳಿಯ ಮುಂದಾಳುಗಳಾದರೆಂದು ಹೇಳಲಾಗಿದೆ.

ದಂಗೆಯನ್ನು ಅಡಗಿಸಿದ ರೀತಿ ಚಿಕ್ಕದೇವರಾಜರ ಹೆಸರಿಗೆ ಅಂಟಿದ ಕಪ್ಪು ಮಚ್ಚೆಯಾಗಿ ಉಳಿದಿದೆ. ಮಾತುಕತೆಗೆಂದು ನಂಜನಗೂಡಿಗೆ ಕರೆಸಿದ ಸುಮಾರು 400 ಮಂದಿ ಜಂಗಮರನ್ನು ಕೊಲ್ಲಿಸಲಾಯಿತೆಂದೂ, ನೂರಾರು ಮಠಗಳನ್ನು ನಾಶಪಡಿಸಲಾಯಿತೆಂದೂ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಬರೆದಿದ್ದಾನೆ. ಘಟನೆ ನಡೆದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಕೇಳಿದ ಮಾತುಗಳನ್ನು ಆಧರಿಸಿ ಬರೆದುದು ಅದು. ದೊರೆಯ ಮಂತ್ರಿಮಂಡಲದಲ್ಲೇ ವೀರಶೈವರಾದ ಷಡಕ್ಷರಯ್ಯನವರಿದ್ದರು ಎಂಬುದನ್ನೂ ಗಮನಿಸಬೇಕು. ಸಂಖ್ಯೆಯ ಬಗ್ಗೆ, ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ತೆರಿಗೆಯ ಭಾರದಿಂದ ರೈತರು ಸಿಡಿದೆದ್ದುದನ್ನೂ, ಆ ದಂಗೆಯನ್ನು ನಿರ್ದಯವಾಗಿ ಹತ್ತಿಕ್ಕಿದುದನ್ನೂ ಅಲ್ಲಗಳೆಯುವುದು ಕಷ್ಟ.

ಇದರ ಕಾವು ಅರಮನೆಯ ಹೊಸ್ತಿಲಿಗೂ ತಟ್ಟಿತು. 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ತೆರಿಗೆಯ ಹೊಸ ಕ್ರಮಗಳಿಗೆ ಆತನೇ ಮೂಲವೆಂದು ಜನ ನಂಬಿದ್ದುದೇ ಇದಕ್ಕೆ ಕಾರಣವೆನ್ನಲಾಗಿದೆ. ಹಂಗಳದ ದಿನಗಳಿಂದ ಜೊತೆಗಿದ್ದ ಗೆಳೆಯನನ್ನು ದೊರೆ ತಮ್ಮ ರಾಜನೀತಿಗಾಗಿಯೇ ಕಳೆದುಕೊಂಡರು. ಪ್ರಧಾನಿಯ ಸ್ಥಾನಕ್ಕೆ ತಿರುಮಲಾರ್ಯರು ಬಂದರು. ತೆರಿಗೆಗಳು ಮಾತ್ರ ಇಳಿಯಲಿಲ್ಲ.

ಅರಕಲಗೂಡಿನ ಪತನ

ಮರುವರ್ಷವೇ ಚಿಕ್ಕದೇವರಾಜರು ಕತ್ತಿ ಹಿಡಿಯದೆ ಒಂದು ದೊಡ್ಡ ನಗರವನ್ನು ಪಡೆದರು. 1687ರಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನನ ವಶವಾಗಿದ್ದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗಳಿಗೆ ಕೊಂಡರೆಂಬುದು ಪ್ರಸಿದ್ಧವಾದ ಸಂಗತಿ. ಹಳ್ಳಿಯ ನೇಗಿಲಿನಿಂದ ಹುಟ್ಟಿ ಪಟ್ಟಣದ ಖಜಾನೆ ಸೇರಿದ ಹಣ ಹೀಗೆ ಊರುಗಳನ್ನು ಕೊಳ್ಳುವ ಬಲವಾಗಿ ಪರಿಣಮಿಸಿತು. ಪೂರ್ವದಲ್ಲಿ ಸೇಲಂ ಮತ್ತು ಬಾರಾಮಹಲ್ ಪ್ರದೇಶಗಳತ್ತಲೂ ಮೈಸೂರಿನ ಪಡೆಗಳು ಸಾಗಿದವು.

ಪಶ್ಚಿಮದಲ್ಲಿ ಪರಿಸ್ಥಿತಿ ಅಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಎದುರಾಳಿಯಾಗಿದ್ದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಔರಂಗಜೇಬನ ಕೋಪವನ್ನು ಎದುರಿಸಿದ ದಿಟ್ಟೆ ಆಕೆ. ಒಂದು ಕಡೆ ಮೊಗಲರ ಸೇನೆ, ಇನ್ನೊಂದು ಕಡೆ ಮೈಸೂರಿನ ಒತ್ತಡ. ಕೆಳದಿ ಎರಡೂ ಕಡೆ ಕಾಯಬೇಕಾಗಿದ್ದ ಆ ವರ್ಷಗಳಲ್ಲಿ ಮೈಸೂರು ಬಯಲುಸೀಮೆಯ ಕೋಟೆಗಳನ್ನು ಒಂದೊಂದಾಗಿ ತನ್ನತ್ತ ಸೆಳೆದುಕೊಂಡಿತು.

ಅರಕಲಗೂಡಿನ ಮೇಲೆ ಮೈಸೂರಿನ ಕಣ್ಣು ಬಿದ್ದುದು ಹೊಸತೇನಲ್ಲ. ಕಂಠೀರವ ನರಸರಾಜರ ಕಾಲದಿಂದಲೂ ಆ ಕೋಟೆಗಾಗಿ ಸೆಣಸಾಟ ನಡೆದಿತ್ತು. ಕಾವೇರಿ ಮತ್ತು ಹೇಮಾವತಿಗಳ ನಡುವಿನ ಫಲವತ್ತಾದ ನೆಲ, ಕೊಡಗು ಮತ್ತು ಬಲಂ ಸೀಮೆಗಳೆರಡರ ಮೇಲೂ ಕಣ್ಣಿಡಬಹುದಾದ ನೆಲೆ, ಜೊತೆಗೆ ಐಗೂರು ಮನೆತನದ ನಂಟು. ಇವೆಲ್ಲ ಸೇರಿ ಅರಕಲಗೂಡು ಗಡಿಯ ಕೀಲಿಯಾಗಿತ್ತು. 1694ರಲ್ಲಿ ಚಿಕ್ಕದೇವರಾಜರ ಸೇನೆ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಈ ಬಾರಿ ಅದು ಮತ್ತೆ ನಾಯಕರ ಕೈಗೆ ಹೋಗಲಿಲ್ಲ.

ಅದೇ ವರ್ಷ ಮೈಸೂರು ಮತ್ತು ಕೆಳದಿಗಳ ನಡುವೆ ಒಪ್ಪಂದವಾಯಿತು. ದಶಕಗಳ ಕಾಲ ತೂಗುಯ್ಯಾಲೆಯಲ್ಲಿದ್ದ ಹಾಸನ ಸೀಮೆಯ ಬಯಲು ಮೈಸೂರಿನದಾಗಿ ಉಳಿಯಿತು. ಪಶ್ಚಿಮದ ದಟ್ಟ ಮಲೆನಾಡಿನಲ್ಲಿ ಐಗೂರಿನ ಪಾಳೆಯಗಾರರು ಮುಂದುವರಿದರು. ಬಲಂ ಸೀಮೆಯ ಅಂಚೇ ಮೈಸೂರಿನ ಪಶ್ಚಿಮದ ಗಡಿಯಾಯಿತು. ಬಯಲಿನಲ್ಲಿ ಗೆದ್ದ ಕುದುರೆ ಮತ್ತು ತೋಪುಗಳು ಮಳೆಕಾಡಿನ ಕಣಿವೆಗಳಲ್ಲಿ ಅಷ್ಟಾಗಿ ನೆರವಾಗುತ್ತಿರಲಿಲ್ಲ. ಘಟ್ಟದ ಕೆಳಗಿನ ಕಡಲತೀರ ಮೈಸೂರಿಗೆ ದಕ್ಕಲು 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆಲ್ಲುವವರೆಗೆ ಕಾಯಬೇಕಾಯಿತು.

ಹದಿನೆಂಟು ಚಾವಡಿಗಳು

ಅನೇಕ ದೊರೆಗಳು ಕೋಟೆಗಳನ್ನು ಗೆದ್ದಿದ್ದಾರೆ, ಅಷ್ಟೇ ಬೇಗ ಕಳೆದುಕೊಂಡೂ ಇದ್ದಾರೆ. ಚಿಕ್ಕದೇವರಾಜರ ವಿಶೇಷವೆಂದರೆ ಗೆದ್ದುದನ್ನು ಉಳಿಸಿಕೊಳ್ಳುವ ಆಡಳಿತ ಯಂತ್ರವನ್ನು ಕಟ್ಟಿದುದು. 1699ರಲ್ಲಿ ಕರಣಿಕ ಲಿಂಗಣ್ಣಯ್ಯನವರ ನೇತೃತ್ವದಲ್ಲಿ ಔರಂಗಜೇಬನ ಬಳಿಗೆ ರಾಯಭಾರ ಕಳುಹಿಸಲಾಯಿತು. ಚಕ್ರವರ್ತಿಯಿಂದ ಬಿರುದು ಮತ್ತು ದಂತದ ಸಿಂಹಾಸನದ ಮನ್ನಣೆ ದೊರೆಯಿತೆಂಬ ಪ್ರತೀತಿಯಿದೆ. ರಾಯಭಾರ ಹಿಂತಿರುಗಿದ ಮೇಲೆ ಮೊಗಲರ ಮಾದರಿಯನ್ನು ನೋಡಿ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಲಾಯಿತು. ಇದೇ ಅಠಾರಾ ಕಚೇರಿ. ಮೈಸೂರಿನಲ್ಲಿ ಅಠಾರ ಕಚೇರಿ ಎಂಬ ಹೆಸರು ಮುಂದೆಯೂ ಬಹುಕಾಲ ಬಳಕೆಯಲ್ಲಿತ್ತು.

ಒಂದೊಂದು ಕೆಲಸಕ್ಕೂ ಒಂದೊಂದು ಚಾವಡಿ. ಅರ್ಜಿ, ಆಜ್ಞೆಗಳಿಗೆ ನಿರೂಪದ ಚಾವಡಿ. ಆದಾಯ, ವೆಚ್ಚ ಮತ್ತು ಸೈನ್ಯದ ಲೆಕ್ಕಕ್ಕೆ ಆಯಕಟ್ಟಿನ ಚಾವಡಿ. ಸೀಮೆಗಳ ಕಾವಲು ಪಡೆಗೆ ಸೀಮೆಯ ಕಂದಾಚಾರ, ಅರಮನೆಯ ಕಾವಲಿಗೆ ಬಾಗಿಲ ಕಂದಾಚಾರ. ಇವಲ್ಲದೆ ಸುಂಕ, ದೇವಸ್ಥಾನ, ಕಬ್ಬಿಣ, ಹೊಗೆಸೊಪ್ಪುಗಳಿಗೂ ಪ್ರತ್ಯೇಕ ಚಾವಡಿಗಳಿದ್ದವು. ಕಾವೇರಿಯ ದಕ್ಷಿಣದ ಸೀಮೆಗಳನ್ನು ಮೈಸೂರು ಹೋಬಳಿಯೆಂದೂ, ಉತ್ತರದ ಸೀಮೆಗಳನ್ನು ಪಟ್ಟಣ ಹೋಬಳಿಯೆಂದೂ ಎರಡು ವಿಭಾಗ ಮಾಡಲಾಯಿತು. ಕಾವೇರಿಯ ಉತ್ತರಕ್ಕಿರುವ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮತ್ತು ಹಾಸನಗಳು ಹೀಗೆ ಪಟ್ಟಣ ಹೋಬಳಿಯ ಕಡೆಗೆ ಬಂದವು.

ಬೇಹಿನ ಚಾವಡಿಯ ಕೈಕೆಳಗೆ ಅಂಚೆಯ ವ್ಯವಸ್ಥೆ ರೂಪುಗೊಂಡಿತು. ಓಲೆಗಳನ್ನು ಸಾಗಿಸುವುದರ ಜೊತೆಗೆ ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ರಾಜಧಾನಿಗೆ ಮುಟ್ಟಿಸುವ ಗೂಢಚರ್ಯೆಯೂ ಅಂಚೆಯವರ ಹೊಣೆಯಾಗಿತ್ತು. ಹೊಸದಾಗಿ ಗೆದ್ದ ಗಡಿನಾಡಿನಲ್ಲಿ ಯಾವ ನಾಯಕನ ಮನೆಯಲ್ಲಿ ಯಾವ ಮಾತು ನಡೆಯಿತೆಂಬುದು ಪಟ್ಟಣಕ್ಕೆ ಬೇಗನೆ ತಿಳಿಯುವಂತಾಯಿತು. ಮೊದಲು ಕೋಟೆ ಕಾಯಲು ನೂರು ಆಳುಗಳು ಬೇಕಾಗಿದ್ದಲ್ಲಿ ಈಗ ಒಬ್ಬ ಓಟದ ಆಳು ಮತ್ತು ಒಬ್ಬ ಶಾನುಭೋಗ ಅರ್ಧ ಕೆಲಸ ಮಾಡಿ ಮುಗಿಸುತ್ತಿದ್ದರು.

ಬೆಣ್ಣೆ ಚಾವಡಿಯ ಕಥೆ ಹಾಸನದವರಿಗೆ ಇನ್ನಷ್ಟು ಹತ್ತಿರದ್ದು. ಅರಮನೆಯ ದನಗಳ ಹಿಂಡುಗಳನ್ನು ಈ ಚಾವಡಿ ನೋಡಿಕೊಳ್ಳುತ್ತಿತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಹೆಸರಿಗೆ ಕಾಣುವ ಕೆಲಸ. ಸೈನ್ಯದ ಸಾಮಾನು ಮತ್ತು ತೋಪುಗಳನ್ನು ಎಳೆಯುವ ಗಟ್ಟಿ ಎತ್ತುಗಳನ್ನು ಬೆಳೆಸುವುದಕ್ಕೂ ಇದೇ ಹಿಂಡುಗಳು ಆಧಾರವಾದವು. ಮುಂದೆ ಟಿಪ್ಪು ಸುಲ್ತಾನ್ ಇದಕ್ಕೆ ಅಮೃತ ಮಹಲ್ ಎಂಬ ಹೆಸರಿಟ್ಟನು. ಹಾಸನ ಜಿಲ್ಲೆಯ ಅಮೃತ ಮಹಲ್ ಕಾವಲುಗಳು ಆ ಪರಂಪರೆಯ ಕುರುಹುಗಳು. ತೂಕ ಮತ್ತು ಅಳತೆಗಳನ್ನು ಕ್ರಮಪಡಿಸಿದ ಕೀರ್ತಿಯೂ ಚಿಕ್ಕದೇವರಾಜರಿಗೆ ಸಲ್ಲುತ್ತದೆ. ಶ್ರೀರಂಗಪಟ್ಟಣದ ಆಸುಪಾಸಿನ ಗದ್ದೆಗಳಿಗೆ ಕಾವೇರಿಯ ನೀರುಣಿಸುವ ಚಿಕ್ಕದೇವರಾಯ ಸಾಗರ ನಾಲೆ ಅವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಖಜಾನೆಯೂ ಕಾವ್ಯವೂ

ಪ್ರತಿದಿನ ಎರಡು ಚೀಲ ಹೊನ್ನು ಖಜಾನೆಗೆ ಸೇರಿದುದನ್ನು ನೋಡಿದ ಮೇಲೆಯೇ ದೊರೆ ಊಟಕ್ಕೆ ಏಳುತ್ತಿದ್ದರೆಂಬ ಕಥೆ ಪ್ರಚಲಿತದಲ್ಲಿದೆ. ಒಂಬತ್ತು ಕೋಟಿಯ ಭಂಡಾರವಿದ್ದವರೆಂಬ ಅರ್ಥದಲ್ಲಿ ಅವರಿಗೆ ನವಕೋಟಿ ನಾರಾಯಣ ಎಂಬ ಹೆಸರೂ ಬಂದಿತು. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಜನರು ತಮ್ಮ ದೊರೆಯನ್ನು ಹೇಗೆ ಕಂಡರು ಎಂಬುದಕ್ಕೆ ಅದು ಸಾಕ್ಷಿ. ಪರಾಕ್ರಮಕ್ಕಾಗಿ ಅಪ್ರತಿಮವೀರ ಎಂಬ ಬಿರುದು ಕವಿಗಳಿಂದ ದೊರೆತರೆ, ಹಣದ ಹೆಸರು ಜನರಿಂದ ದೊರೆಯಿತು.

ಕನ್ನಡ ಸಾಹಿತ್ಯಕ್ಕೆ ಆ ಕಾಲ ಸುಗ್ಗಿಯಾಗಿತ್ತು ಎಂಬುದನ್ನೂ ಮರೆಯಲಾಗದು. ತಿರುಮಲಾರ್ಯ ಅಪ್ರತಿಮವೀರ ಚರಿತೆ, ಚಿಕದೇವರಾಜ ವಿಜಯಗಳನ್ನು ರಚಿಸಿದನು. ಅವನ ತಮ್ಮ ಸಿಂಗರಾರ್ಯ ಬರೆದ ಮಿತ್ರವಿಂದಾ ಗೋವಿಂದ ನಮಗೆ ದೊರೆತಿರುವ ಮೊದಲ ಕನ್ನಡ ನಾಟಕವೆನಿಸಿದೆ. ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮ ರಾಣಿ ದೇವಾಜಮ್ಮಣ್ಣಿಯವರ ಪ್ರೋತ್ಸಾಹದಿಂದ ಹದಿಬದೆಯ ಧರ್ಮವನ್ನು ರಚಿಸಿದಳು. ಊಳಿಗದ ಹೆಣ್ಣೊಬ್ಬಳು ಕವಯಿತ್ರಿಯಾಗಿ ಮನ್ನಣೆ ಪಡೆದುದು ಆ ಕಾಲಕ್ಕೆ ಅಪರೂಪದ ಸಂಗತಿ.

ಗಡಿ ಉಳಿಯಿತು, ಗದ್ದುಗೆ ಸಡಿಲವಾಯಿತು

1704ರ ನವೆಂಬರ್‌ನಲ್ಲಿ ಚಿಕ್ಕದೇವರಾಜ ಒಡೆಯರು ನಿಧನ ಹೊಂದಿದರು. ಆ ವೇಳೆಗೆ ರಾಜ್ಯ ದಕ್ಷಿಣದಲ್ಲಿ ಪಳನಿ ಬೆಟ್ಟಗಳಿಂದ ಉತ್ತರದಲ್ಲಿ ಮಿಡಗೇಶಿಯವರೆಗೆ, ಪೂರ್ವದಲ್ಲಿ ಬಾರಾಮಹಲಿನಿಂದ ಪಶ್ಚಿಮದಲ್ಲಿ ಕೊಡಗು ಮತ್ತು ಬಲಂ ಗಡಿಗಳವರೆಗೆ ಹಬ್ಬಿತ್ತು. ಒಬ್ಬ ದೊರೆಯ ಮೂವತ್ತೊಂದು ವರ್ಷಗಳ ಆಳ್ವಿಕೆಯಲ್ಲಿ ಮೈಸೂರು ನಿಜವಾದ ಅರ್ಥದಲ್ಲಿ ಒಂದು ರಾಜ್ಯವಾಯಿತು.

ಆದರೆ ಆ ಯಂತ್ರವನ್ನು ಓಡಿಸುವ ಬಲಿಷ್ಠ ಕೈ ಅವರ ನಂತರ ಬರಲಿಲ್ಲ. ಮಗ ಇಮ್ಮಡಿ ಕಂಠೀರವ ನರಸರಾಜರಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಜನ ಅವರನ್ನು ಮೂಕರಸರೆಂದು ಕರೆದರು. ಅಧಿಕಾರ ಕ್ರಮೇಣ ದಳವಾಯಿಗಳ ಕೈಗೆ ಜಾರಿತು. 1761ರ ವೇಳೆಗೆ ಹೈದರ್ ಅಲಿ ಆಳುವವನಾದನು. ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ಮತ್ತು ಭದ್ರವಾದ ಬಾಗಿಲುಗಳು ಸೇರಿದುದು ಅವನ ಕಾಲದಲ್ಲಿ. ಒಡೆಯರ ಹಣ, ಎತ್ತು, ಅಂಚೆ ಮತ್ತು ಚಾವಡಿಗಳೆಲ್ಲವೂ ಸಿದ್ಧವಾಗಿ ಕೈಗೆ ಸಿಕ್ಕಿದ್ದರಿಂದಲೇ ಹೈದರನ ಏಳಿಗೆ ಅಷ್ಟು ಬೇಗ ಸಾಧ್ಯವಾಯಿತೆನ್ನಬಹುದು. 1694ರಲ್ಲಿ ಹೊರಗುಳಿದ ಬಲಂ ಸೀಮೆಯ ಕಥೆ ಮುಗಿದುದು 1802ರಲ್ಲಿ. ಆ ವರ್ಷ ಆರ್ಥರ್ ವೆಲ್ಲೆಸ್ಲಿಯ ಸೇನೆ ಐಗೂರಿನ ವೆಂಕಟಾದ್ರಿ ನಾಯಕನನ್ನು ಸೋಲಿಸಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು.

ಹಾಸನ ಸೀಮೆಯ ಮಟ್ಟಿಗೆ ಈ ವಿಸ್ತರಣೆಯ ಫಲ ಎರಡು ಬಗೆಯದು. ಊರಿಂದೂರಿಗೆ ಬದಲಾಗುತ್ತಿದ್ದ ನಾಯಕರ ಕಾದಾಟ ಕಡಿಮೆಯಾಯಿತು. ಲೆಕ್ಕ, ಅಳತೆ, ಅಂಚೆಗಳಿಗೆ ಒಂದು ಕ್ರಮ ಬಂದಿತು. ಇವು ಲಾಭ. ಆದರೆ ಹಿಂದೆ ಕೂಗಳತೆಯಲ್ಲಿದ್ದ ಒಡೆಯ ಈಗ ಹಲವು ದಿನಗಳ ದಾರಿಯಾಚೆಗೆ ಹೋದನು. ಅವನ ಬಳಿಗೆ ರೈತನ ತೆರಿಗೆ ಹೋಗುತ್ತಿತ್ತು, ರೈತನ ಮೊರೆ ಅಷ್ಟು ಸುಲಭವಾಗಿ ಹೋಗುತ್ತಿರಲಿಲ್ಲ. ಸೋತ ನಾಯಕ ಮನೆತನಗಳ ಹೆಸರು ಊರುಗಳ ಹೆಸರಿನಲ್ಲಿ ಮಾತ್ರ ಉಳಿಯಿತು. ಚನ್ನರಾಯನ ಪಟ್ಟಣ ಇಂದಿಗೂ ಚನ್ನರಾಯಪಟ್ಟಣವೇ.

ಶ್ರವಣಬೆಳಗೊಳದ ಕಲ್ಯಾಣಿಯ ಮೆಟ್ಟಿಲುಗಳಲ್ಲಿ ಈ ಎರಡೂ ಕಥೆಗಳು ಒಟ್ಟಿಗೆ ಕುಳಿತಿವೆ. ಅದನ್ನು ಕಟ್ಟಿಸಿದ ಹೊನ್ನು ಟಂಕಸಾಲೆಯಿಂದ ಬಂದಿತು. ಟಂಕಸಾಲೆಗೆ ಆ ಹೊನ್ನನ್ನು ಒದಗಿಸಿದವರು ಹೆಸರಿಲ್ಲದ ರೈತರು. ದೊರೆಯ ಹೆಸರು ಕಾವ್ಯದಲ್ಲಿ ಉಳಿಯಿತು, ರೈತನ ನೇಗಿಲು ಮರದಿಂದಿಳಿದು ಮತ್ತೆ ಹೊಲಕ್ಕೆ ಹೋಯಿತು.